ಮೈ ನಿಂತಿತು, ಮೆದುಳು ನಿಂತಿತಾ? ನರಕೋಶದೊಳಗಿನ ಕ್ಲೋರೈಡ್ ಲೆಕ್ಕ

ಇವತ್ತಿನ ಎಪಿಸೋಡ್ ಉಪ್ಪಿನ ಬಗ್ಗೆ. ಅಡುಗೆ ಉಪ್ಪಲ್ಲಿ ಸೋಡಿಯಂ ಜೊತೆ ಕೂತಿರುತ್ತಲ್ಲ ಕ್ಲೋರೈಡ್, ಅದರ ಬಗ್ಗೆ. ನಾನು ಓದಿದ್ದು ಬಿ.ಕಾಂ., ಸೈನ್ಸ್ ಸಹವಾಸ ಎಸ್ಸೆಸ್ಸೆಲ್ಸಿಗೇ ಮುಗಿದಿತ್ತು. ಹಾಗಾದ್ರೆ ಈ ವಿಷಯ ಯಾಕೆ ಅಂತ ಕೇಳಿದ್ರೆ, ಅದಕ್ಕೊಂದು ಕಾರಣ ಇದೆ.

ಎರಡು ವರ್ಷದ ಹಿಂದೆ ನಮ್ಮಕ್ಕನಿಗೆ ಹೆರಿಗೆ ಆಯ್ತು. ಹೆರಿಗೆ ಕಷ್ಟ ಆಗಿತ್ತು, ಮಗುವಿಗೆ ಸ್ವಲ್ಪ ಹೊತ್ತು ಆಮ್ಲಜನಕ ಸಾಲದೆ ಹೋಗಿತ್ತು. ಎರಡನೇ ದಿನ ಫಿಟ್ಸ್ ಶುರು. ಫಿನೋಬಾರ್ಬಿಟಾಲ್ ಅನ್ನೋ ಔಷಧಿ ಕೊಟ್ಟರು. ಕೈಕಾಲಿನ ಅದುರಾಟ ನಿಂತಿತು, ನಾವೆಲ್ಲ ಉಸಿರು ಬಿಟ್ಟೆವು. ಆದರೆ ಡಾಕ್ಟರು ಮಾತ್ರ ತಲೆಗೆ ಅಂಟಿಸಿದ್ದ ಇಇಜಿ ತಂತಿ ತೆಗೆಯೋಕೆ ಒಪ್ಪಲಿಲ್ಲ. “ಮೈ ನಿಂತಿದೆ, ಮೆದುಳು ನಿಂತಿದೆಯಾ ನೋಡಬೇಕು” ಅಂದ್ರು. ಪರದೆ ಮೇಲಿನ ಗೆರೆ ಇನ್ನೂ ಕುಣೀತಾನೇ ಇತ್ತು. ಮಗು ನೋಡಿದ್ರೆ ಹಾಯಾಗಿ ಮಲಗಿದೆ! ಇದು ಹೇಗೆ ಸಾಧ್ಯ ಅಂತ ಹುಡುಕ್ತಾ ಹೋದವನಿಗೆ ಸಿಕ್ಕಿದ್ದು ಕ್ಲೋರೈಡ್.

ನರಕೋಶದ ಒಳಭಾಗ ಹೊರಗಿಗಿಂತ ಋಣಾತ್ಮಕ, ಸುಮಾರು ಮೈನಸ್ 65ರಿಂದ 70 ಮಿಲಿವೋಲ್ಟ್. ಈ ಮೈನಸ್ ಕಡಿಮೆ ಆಗ್ತಾ ಬಂದ್ರೆ ಒಂದು ಹಂತದಲ್ಲಿ ಕೋಶ ಸಿಡಿದು ಸಂದೇಶ ಕಳಿಸುತ್ತೆ. ಮೈನಸ್ ಜಾಸ್ತಿ ಆದ್ರೆ ಸುಮ್ಮನಿರುತ್ತೆ. ಮೆದುಳಿನ ಮುಖ್ಯ ಬ್ರೇಕ್ ಅಂದ್ರೆ ಗಾಬಾ ಅನ್ನೋ ರಾಸಾಯನಿಕ. ಅದು ಮಾಡೋ ಕೆಲಸ ಇಷ್ಟೇ: ಕೋಶದ ಪೊರೆಯಲ್ಲಿರೋ ಕ್ಲೋರೈಡ್ ಬಾಗಿಲು ತೆಗೆಯೋದು. ಕ್ಲೋರೈಡ್ ಋಣ ಆವೇಶದ್ದು, ಒಳಗೆ ನುಗ್ಗಿದ್ರೆ ಕೋಶ ಶಾಂತ.

ಆದರೆ ಬಾಗಿಲು ಯಾರನ್ನೂ ತಳ್ಳಲ್ಲ. ಒಳಗೆ ಬರಬೇಕಾ ಹೊರಗೆ ಹೋಗಬೇಕಾ ಅನ್ನೋದು ಎರಡೂ ಕಡೆಯ ಸ್ಟಾಕ್ ಮತ್ತು ವೋಲ್ಟೇಜ್ ಸೇರಿ ತೀರ್ಮಾನ ಆಗುತ್ತೆ. ಕೋಶದ ಹೊರಗೆ ಲೀಟರಿಗೆ ಸುಮಾರು 120 ಮಿಲಿಮೋಲ್ ಕ್ಲೋರೈಡ್ ಇರುತ್ತೆ ಅಂದ್ಕೊಳ್ಳಿ. ಬೆಳೆದ ನರಕೋಶದ ಒಳಗೆ 6ರಷ್ಟಿದ್ರೆ, ಕ್ಲೋರೈಡ್ ಹರಿವು ಸಮ ಆಗೋದು ಮೈನಸ್ 80ರ ಹತ್ತಿರ. ಅಂದ್ರೆ ಬಾಗಿಲು ತೆಗೆದರೆ ಕ್ಲೋರೈಡ್ ಒಳಗೆ, ಬ್ರೇಕ್ ಬಿತ್ತು. ಎಳೆಯ ನರಕೋಶದ ಒಳಗೆ 25ರಷ್ಟಿದ್ರೆ ಆ ಬಿಂದು ಮೈನಸ್ 40ರ ಹತ್ತಿರ. ಈಗ ಬಾಗಿಲು ತೆಗೆದರೆ ಕ್ಲೋರೈಡ್ ಹೊರಗೆ ಓಡುತ್ತೆ, ಕೋಶ ಉದ್ರೇಕ ಆಗುತ್ತೆ. ಅದೇ ಗಾಬಾ, ಅದೇ ಬಾಗಿಲು, ಫಲಿತಾಂಶ ಉಲ್ಟಾ.

ಈ ಸ್ಟಾಕ್ ನೋಡ್ಕೊಳ್ಳೋಕೆ ಪೊರೆಯಲ್ಲಿ ಇಬ್ಬರು ಗುಮಾಸ್ತರು. ಒಬ್ಬ ಎನ್‌ಕೆಸಿಸಿ1, ಒಂದು ಸೋಡಿಯಂ, ಒಂದು ಪೊಟ್ಯಾಸಿಯಂ, ಎರಡು ಕ್ಲೋರೈಡನ್ನು ಒಟ್ಟಿಗೆ ಒಳಗೆ ತರ್ತಾನೆ. ಇನ್ನೊಬ್ಬ ಕೆಸಿಸಿ2, ಒಂದು ಪೊಟ್ಯಾಸಿಯಂ ಜೊತೆ ಒಂದು ಕ್ಲೋರೈಡನ್ನು ಹೊರಗೆ ಸಾಗಿಸ್ತಾನೆ. ಗಮನಿಸಿ, ಎರಡು ಎಂಟ್ರಿಯಲ್ಲೂ ಪ್ಲಸ್ಸು ಮೈನಸ್ಸು ತಾಳೆ ಆಗುತ್ತೆ (ನನ್ನೊಳಗಿನ ಬಿ.ಕಾಂ.ಗೆ ಇದು ಭಾರಿ ಖುಷಿ ಕೊಟ್ಟಿತು). ಇಬ್ಬರೂ ತಾವಾಗಿ ಶಕ್ತಿ ಖರ್ಚು ಮಾಡಲ್ಲ. ಸೋಡಿಯಂ-ಪೊಟ್ಯಾಸಿಯಂ ಪಂಪ್ ಕಟ್ಟಿದ ಕರೆಂಟ್ ಬಿಲ್ ಮೇಲೆ ಬದುಕ್ತಾರೆ. ಆಮ್ಲಜನಕ ಸಾಲದಿದ್ರೆ ಆ ಪಂಪ್ ಸುಸ್ತಾಗುತ್ತೆ, ಕ್ಲೋರೈಡ್ ಲೆಕ್ಕವೂ ತಪ್ಪುತ್ತೆ. ನಮ್ಮಕ್ಕನ ಮಗುವಿನ ವಿಷಯ ಇಲ್ಲಿ ನೆನಪಿಟ್ಕೊಳ್ಳಿ.

ಎಳೆಯ ಮೆದುಳಲ್ಲಿ ಮೊದಲನೆಯವನದ್ದೇ ಕಾರುಬಾರು, ಎರಡನೆಯವನು ಇನ್ನೂ ಕೆಲಸಕ್ಕೆ ಸೇರ್ತಾ ಇರ್ತಾನೆ. ಇದು ದೋಷ ಅಲ್ಲ, ಗಾಬಾದ ಈ ಉದ್ರೇಕ ಆರಂಭದ ನರಜಾಲ ಕಟ್ಟೋಕೆ ನೆರವಾಗುತ್ತೆ. 1989ರಲ್ಲಿ ಪ್ಯಾರಿಸ್‌ನ ಯೆಹೆಜ್ಕೆಲ್ ಬೆನ್-ಆರಿ ತಂಡ ಇಲಿಮರಿಗಳ ಮೆದುಳಲ್ಲಿ ಇದನ್ನು ತೋರಿಸಿತು. 1999ರಲ್ಲಿ ಹೆಲ್ಸಿಂಕಿಯ ಕೈ ಕೈಲಾ ತಂಡದ ಕೆಲಸದಿಂದ, ಗಾಬಾ ಬ್ರೇಕ್ ಆಗೋದಕ್ಕೆ ಕೆಸಿಸಿ2 ಬೇಕು ಅಂತ ಗೊತ್ತಾಯ್ತು.

ಈಗ ಔಷಧಿಗೆ ಬರೋಣ. ಫಿನೋಬಾರ್ಬಿಟಾಲ್ ಗಾಬಾದ ಕೈ ಬಲಪಡಿಸುತ್ತೆ. ಹಾಗಾದ್ರೆ ನವಜಾತ ಶಿಶುವಿಗೆ ಅದು ಬೆಂಕಿಗೆ ತುಪ್ಪ ಅಲ್ವಾ? ಅಷ್ಟು ಸಲೀಸಾಗಿ ಹೇಳೋಕಾಗಲ್ಲ. 1999ರ ಒಂದು ಪ್ರಯೋಗದಲ್ಲಿ ಅದು ನಿಯಂತ್ರಣಕ್ಕೆ ತಂದಿದ್ದು ಶೇ. 43 ಶಿಶುಗಳ ಫಿಟ್ಸ್. 2020ರಲ್ಲಿ ಪ್ರಕಟವಾದ ಇನ್ನೊಂದರಲ್ಲಿ ಶೇ. 80, ಎದುರಿಗಿದ್ದ ಲೆವೆಟಿರಾಸಿಟಮ್‌ಗೆ ಬರೀ 28. ಅಂದ್ರೆ ಔಷಧಿ ಕೆಲಸ ಮಾಡುತ್ತೆ. ಯಾಕಂದ್ರೆ ಕ್ಲೋರೈಡ್ ಹೊರಗೆ ಹೋಗ್ತಿದ್ರೂ, ತೆರೆದ ಬಾಗಿಲು ಬೇರೆ ಸಂಕೇತಗಳನ್ನು ಸೋರಿಸಿ ದುರ್ಬಲ ಮಾಡಬಲ್ಲದು. ಜೊತೆಗೆ ಎಲ್ಲ ನರಕೋಶಗಳೂ ಒಂದೇ ದಿನ ದೊಡ್ಡವಾಗಲ್ಲ. ಬೆನ್ನುಹುರಿ, ಮೆದುಳಿನ ಆಳದ ಭಾಗಗಳು ಮೊದಲು, ಮೇಲ್ಪದರ ಆಮೇಲೆ. ಆಳದ ಭಾಗದಲ್ಲಿ ಔಷಧಿ ಬ್ರೇಕ್ ಹಾಕಿ ಕೈಕಾಲು ನಿಲ್ಲುತ್ತೆ, ಮೇಲ್ಪದರದಲ್ಲಿ ಫಿಟ್ಸ್ ಮುಂದುವರಿಯುತ್ತೆ. ಕಣ್ಣಿಗೆ ಶಾಂತಿ, ಇಇಜಿಯಲ್ಲಿ ಬಿರುಗಾಳಿ ಯಾಕೆ ಅನ್ನೋದಕ್ಕೆ ಸಂಶೋಧಕರು ಕೊಡೋ ಒಂದು ವಿವರಣೆ ಇದು. ಆ ಡಾಕ್ಟರು ಯಾಕೆ ತಂತಿ ತೆಗೆಯಲಿಲ್ಲ ಅಂತ ನನಗೆ ಅರ್ಥ ಆಗಿದ್ದು ಆಗ.

ಸರಿ, ಎನ್‌ಕೆಸಿಸಿ1ನ ತಡೆದರೆ ಆಯ್ತಲ್ಲ ಅಂತೀರಾ? ಅದನ್ನೂ ಮಾಡಿ ನೋಡಿದ್ದಾರೆ. ಮೂತ್ರ ಹೆಚ್ಚಿಸೋ ಹಳೆಯ ಮಾತ್ರೆ ಬುಮೆಟನೈಡ್ ಅದನ್ನು ತಡೆಯುತ್ತೆ. ಯುರೋಪಿನಲ್ಲಿ 14 ಶಿಶುಗಳ ಮೇಲೆ ನಡೆದ ಪ್ರಯೋಗವನ್ನು ನಡುವೆಯೇ ನಿಲ್ಲಿಸಬೇಕಾಯ್ತು. ಫಿಟ್ಸ್ ಮೇಲೆ ಅಂದುಕೊಂಡಷ್ಟು ಪರಿಣಾಮ ಕಾಣಲಿಲ್ಲ, ಬದುಕುಳಿದ 11 ಮಕ್ಕಳಲ್ಲಿ 3 ಮಕ್ಕಳಿಗೆ ಕಿವಿ ಕೇಳಿಸದಾಯ್ತು. 2015ರಲ್ಲಿ ಈ ಫಲಿತಾಂಶ ಪ್ರಕಟವಾಯ್ತು. ಒಳಕಿವಿಯ ದ್ರವ ತಯಾರಾಗೋಕೂ ಇದೇ ಎನ್‌ಕೆಸಿಸಿ1 ಬೇಕು. ಸಾಲದ್ದಕ್ಕೆ ಈ ಔಷಧಿ ರಕ್ತದಿಂದ ಮೆದುಳಿಗೆ ಹೋಗೋದೇ ಅತಿ ಕಡಿಮೆ. ಆಮೇಲೆ ಬಾಸ್ಟನ್‌ನಲ್ಲಿ ನಡೆದ ಪ್ರಯೋಗದಲ್ಲಿ ಸ್ವಲ್ಪ ಆಸೆ ಕಂಡರೂ ಇದು ಇನ್ನೂ ಮಾಮೂಲಿ ಚಿಕಿತ್ಸೆ ಆಗಿಲ್ಲ. ಇಲಿಯಲ್ಲಿ ಗೆದ್ದಿದ್ದು ತೊಟ್ಟಿಲಲ್ಲಿ ಗೆಲ್ಲಬೇಕು ಅಂತೇನಿಲ್ಲ.

ಈ ಲೆಕ್ಕ ದೊಡ್ಡವರಲ್ಲೂ ಕೆಡಬಹುದು. ನರಕ್ಕೆ ಪೆಟ್ಟಾದ ಇಲಿಗಳ ಬೆನ್ನುಹುರಿಯಲ್ಲಿ ಕೆಸಿಸಿ2 ಕಡಿಮೆಯಾಗಿ, ಮೆಲ್ಲಗೆ ಮುಟ್ಟಿದ್ರೂ ನೋವಾಗೋದನ್ನು 2003ರಲ್ಲಿ ಕೆನಡಾದ ಈವ್ ಡಿ ಕೊನಿಂಕ್ ತಂಡ ತೋರಿಸಿತ್ತು. ಕೆಸಿಸಿ2ನ ಚುರುಕು ಮಾಡೋ ಔಷಧಿಗಾಗಿ ಹುಡುಕಾಟ ನಡೀತಾನೇ ಇದೆ. ಅದಕ್ಕೆ ಬೇರೆಯೇ ಎಪಿಸೋಡ್ ಬೇಕು.

ಅಕ್ಕನ ಮಗುವಿಗೆ ಎರಡನೇ ಔಷಧಿ ಸೇರಿಸಿದರು, ನಾಲ್ಕನೇ ದಿನ ಆ ಗೆರೆ ಸಮಾಧಾನಕ್ಕೆ ಬಂತು. ಈಗ ಅವನಿಗೆ ಎರಡು ವರ್ಷ. ರೆಕಾರ್ಡಿಂಗ್ ಮಧ್ಯೆ ಎರಡು ಕಡೆ ಡಬಡಬ ಸದ್ದು ಕೇಳುತ್ತೆ, ಮೈಕ್ ಸ್ಟ್ಯಾಂಡ್ ಎಳೀತಾ ಇದ್ದಿದ್ದು ಅವನೇ. ಎಡಿಟ್ ಮಾಡಿ ತೆಗೀಲಿಲ್ಲ.