ಬಾಡಿಗೆ ಎಷ್ಟು ಅನ್ನೋದು ಎರಡನೇ ಪ್ರಶ್ನೆ

ಮಾನ್ವಿಯಲ್ಲಿರುವ ನಮ್ಮಕ್ಕ ಸೋನಾ ಮಸೂರಿ ಅಕ್ಕಿ, ಜೋಳದ ಹಿಟ್ಟು, ಶೇಂಗಾ ಚಟ್ನಿಯನ್ನು ಬೆಂಗಳೂರಿಗೆ ಕಳಿಸುತ್ತಾಳೆ. ಆರ್ಡರ್ ಬರೋದು ವಾಟ್ಸಾಪ್‌ನಲ್ಲಿ, ದುಡ್ಡು ಫೋನ್‌ಪೇನಲ್ಲಿ. ಮಾಲು ಮಾತ್ರ ಫೋನಿನಲ್ಲಿ ಹೋಗಲ್ಲ ನೋಡಿ! ರಾಯಚೂರಿನಲ್ಲಿ ನೌಕರಿ ಮಾಡುವ ನನಗೆ ಸಾಗಣೆ ಗೊತ್ತು ಮಾಡುವ ಕೆಲಸ.

ನಮ್ಮ ಕಡೆ ಈ ತೀರ್ಮಾನ ಆಗೋದು ಎರಡೇ ಮಾತಿನಲ್ಲಿ: "ಚೀಲಕ್ಕ ಎಷ್ಟ್ರಿ?" ಮತ್ತು "ಪರಿಚಯದವ್ರು ಅದಾರೇನ್ರಿ?" ಪರಿಚಯ ಸುಳ್ಳಲ್ಲ. ರಾತ್ರಿ ಹತ್ತಕ್ಕೆ ಫೋನ್ ಎತ್ತುವವರು ಅವರೇ. ಆದರೆ ಅಷ್ಟೇ ಸಾಲದು.

ದೇವದುರ್ಗದ ನನ್ನ ಗೆಳೆಯ ಕಳೆದ ವರ್ಷ 12 ಚೀಲ ಒಣಮೆಣಸಿನಕಾಯಿ ಬ್ಯಾಡಗಿಗೆ ಕಳಿಸಿದ್ದ. ತಾಡಪತ್ರಿ ಹರಿದಿತ್ತು, ಮಳೆ ಬಂತು, ಅರ್ಧ ಮಾಲು ತೊಯ್ದಿತು. "ಮಳಿಗೆ ನಾವೇನ್ ಮಾಡೂದ್ರಿ?" ಅಂದರು ಲಾರಿಯವರು. ಇವನ ಕೈಲಿದ್ದದ್ದು ಒಂದು ಮೊಬೈಲ್ ನಂಬರ್ ಗೀಚಿದ ಚೀಟಿ.

ಕಾಗದ ಏನು ಹೇಳುತ್ತೆ?

2007ರ ರಸ್ತೆ ಸಾಗಣೆ ಕಾಯ್ದೆ ಪ್ರಕಾರ ಸಾರ್ವಜನಿಕ ಸಾಗಣೆದಾರರು ನೋಂದಣಿ ಮಾಡಿಸಿರಬೇಕು, ಮಾಲಿಗೆ ರಸೀದಿ ಕೊಡಬೇಕು. ನಮ್ಮ ಮಂದಿ ಅದನ್ನು ಎಲ್‌ಆರ್ ಅಥವಾ ಬಿಲ್ಟಿ ಅಂತಾರೆ. ಮಾಲು ಹಾಳಾಗಿ ದಾವೆ ಹೂಡಿದರೆ, ಅವರ ನಿರ್ಲಕ್ಷ್ಯವನ್ನು ನಾವು ಸಾಬೀತು ಮಾಡಬೇಕಿಲ್ಲ. ಆದರೆ ಬುಕಿಂಗ್ ಆದ 180 ದಿನದೊಳಗೆ ಲಿಖಿತ ನೋಟಿಸ್ ಕೊಟ್ಟಿರಬೇಕು.

ಇನ್ನೊಂದು ಮಾತು ಹಲವರಿಗೆ ಗೊತ್ತಿಲ್ಲ. ಹೆಚ್ಚಿನ ರಿಸ್ಕ್ ದರ ಒಪ್ಪಿಕೊಳ್ಳದಿದ್ದರೆ ಪರಿಹಾರದ ಮಿತಿ ಬಾಡಿಗೆಯ ಹತ್ತು ಪಟ್ಟು ಮಾತ್ರ. 60,000 ರೂಪಾಯಿ ಮಾಲಿಗೆ 1,200 ಬಾಡಿಗೆ ಕೊಟ್ಟರೆ ಸಿಗೋದು ಹೆಚ್ಚೆಂದರೆ 12,000! ಬಾಡಿಗೆ ಉಳಿಸಿದಷ್ಟೂ ಪರಿಹಾರವೂ ಇಳಿಯುತ್ತೆ.

ಯಾವ ಮಾಲು, ಯಾವ ದಾರಿ?

ಸಣ್ಣ ಪಾರ್ಸೆಲ್‌ಗೆ ಸಾರಿಗೆ ಬಸ್ಸಿನ 'ನಮ್ಮ ಕಾರ್ಗೋ' ಇದೆ, 2021ರಲ್ಲಿ ಶುರುವಾದದ್ದು. ಕೊರಿಯರ್ ಆದರೆ ಊರಿನ ಪಿನ್‌ಕೋಡ್ ಹಾಕಿ ನೋಡಿ. ಡೆಲಿವರಿ ಇದ್ದಲ್ಲೆಲ್ಲ ಮನೆಯಿಂದ ಪಿಕಪ್ ಇರುತ್ತೆ ಅಂತೇನಿಲ್ಲ. ಹಗುರವಾದರೂ ದೊಡ್ಡ ಡಬ್ಬಕ್ಕೆ ಗಾತ್ರ ಲೆಕ್ಕ ಹಾಕಿ ದುಡ್ಡು ತಗೋತಾರೆ. ಚೀಲಗಟ್ಟಲೆ ಮಾಲಿಗೆ ಲಾರಿಯೇ ಸೈ.

ಈಗ ಅಕ್ಕನ ಮಾಲು ಹತ್ತಿಸುವ ಮೊದಲು ನಾನು ಕೇಳೋದು ಇಷ್ಟು: ಎಲ್‌ಆರ್‌ನಲ್ಲಿ ಮಾಲಿನ ಬೆಲೆ ಬರೀತೀರಾ? ದಾರಿಯಲ್ಲಿ ಲಾರಿ ಬದಲಾಗುತ್ತಾ? ವಿಮೆ ಯಾರದು? ಹಮಾಲಿ ಸೇರಿದೆಯಾ? ತೂಕ, ಚೀಲದ ಫೋಟೊ ತೆಗೆದಿಟ್ಟುಕೊಳ್ತೀನಿ.

ಇದನ್ನೆಲ್ಲ ಕೇಳಿದರೆ ಮುನಿಸಿಕೊಳ್ಳುವವರೂ ಇದ್ದಾರೆ. "ನಮ್ಮ ಮ್ಯಾಲ ನಂಬಿಕಿ ಇಲ್ಲೇನ್ರಿ?" ಅಂತಾರೆ. "ಅದರೀ, ಅದನ್ನೇ ಬರದು ಕೊಡ್ರಿ" ಅಂತೀನಿ. ಬರೆದು ಕೊಟ್ಟವರಿಗೆ ಚೀಲಕ್ಕೆ ಹತ್ತು ರೂಪಾಯಿ ಜಾಸ್ತಿ ಹೋದರೂ ಅಕ್ಕನಿಗೆ ಅಡ್ಡಿಯಿಲ್ಲ.