ಶಾಸನಸೂಚಿಯೂ ಸಿದ್ಧ ದತ್ತಕೋಶವೂ

ಶಾಸನಗಳನ್ನು ವ್ಯಾಸಂಗ ಮಾಡುವವರಿಗೆ ಒಳ್ಳೆಯ ಸೂಚಿ ಎಷ್ಟು ಅವಶ್ಯಕವೆಂಬುದನ್ನು ಬೇರೆ ಹೇಳಬೇಕಾಗಿಲ್ಲ. ಬಿ. ಎಲ್. ರೈಸ್ ಅವರು 1886ರಲ್ಲಿ ಕೊಡಗಿನ ಸಂಪುಟದೊಂದಿಗೆ ಆರಂಭಿಸಿದ 'ಎಪಿಗ್ರಾಫಿಯ ಕರ್ನಾಟಿಕ'ದ ಸಂಪುಟಗಳೂ ಅವುಗಳ ಪರಿಷ್ಕೃತ ಆವೃತ್ತಿಗಳೂ ಗ್ರಂಥಾಲಯದ ಬೀರುಗಳಲ್ಲಿವೆ. ಶಾಸನಗಳಾದರೋ ಕೆರೆಯ ಏರಿಯ ಮೇಲೆ, ಹೊಲದ ಬದುವಿನಲ್ಲಿ, ಹಾಳುಗುಡಿಗಳ ಮುಂದೆ ನಿಂತಿವೆ. ಈ ಎರಡರ ನಡುವಣ ದೂರವನ್ನು ಮೊಬೈಲ್ ಆ್ಯಪ್ ಒಂದು ತಕ್ಕಮಟ್ಟಿಗೆ ಕಡಮೆ ಮಾಡಬಲ್ಲುದು. ಆದರೆ ಕಲ್ಲು ನಿಂತಿರುವ ಕಡೆ ಅನೇಕ ವೇಳೆ ಇಂಟರ್‌ನೆಟ್ ಸಂಪರ್ಕವಿರುವುದಿಲ್ಲ. ಆದುದರಿಂದ ಸೂಚಿಯೆಲ್ಲವೂ ಆ್ಯಪ್‌ನೊಳಗೇ ಇರಬೇಕಾಗುತ್ತದೆ. ಹೀಗೆ ಮೊದಲೇ ಕಟ್ಟಿ ಮುಗಿಸಿ ಆ್ಯಪ್‌ನ ಜೊತೆಯಲ್ಲಿ ಕಳುಹಿಸುವ ಡೇಟಾಬೇಸನ್ನು ನಾವು ಈ ಲೇಖನದಲ್ಲಿ ಸಿದ್ಧ ದತ್ತಕೋಶವೆಂದು ಕರೆಯುತ್ತೇವೆ. ಅದನ್ನು ಕಟ್ಟುವ ಮತ್ತು ಬಳಸುವ ಕ್ರಮವನ್ನು ಶಾಸನಸೂಚಿಯ ನಿದರ್ಶನದಿಂದ ವಿಚಾರ ಮಾಡೋಣ.

ಇಂಥ ಕೆಲಸಕ್ಕೆ ಸಾಮಾನ್ಯವಾಗಿ ಬಳಸುವ ಸಾಧನ ಎಸ್‌ಕ್ಯುಲೈಟ್. ಇದನ್ನು ರಿಚರ್ಡ್ ಹಿಪ್ ಎಂಬವರು 2000ದಲ್ಲಿ ಹೊರತಂದರು. ಕೋಷ್ಟಕಗಳು, ಸೂಚಿಗಳು, ಅವುಗಳ ರಚನೆಯ ವಿವರ ಎಲ್ಲವೂ ಒಂದೇ ಕಡತದಲ್ಲಿ ಅಡಗಿರುವುದು ಇದರ ವಿಶೇಷ. ಆಂಡ್ರಾಯ್ಡ್ ಮತ್ತು ಐಫೋನ್‌ಗಳೆರಡರಲ್ಲೂ ಇದು ಅಂತರ್ಗತವಾಗಿದೆ. 2004ರಲ್ಲಿ ಬಂದ ಮೂರನೆಯ ಆವೃತ್ತಿಯ ಕಡತಗಳನ್ನು ಇಂದೂ ತೆರೆಯಬಹುದು. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ದತ್ತಾಂಶಗಳ ದೀರ್ಘಕಾಲಿಕ ರಕ್ಷಣೆಗೆ ಶಿಫಾರಸು ಮಾಡಿರುವ ರೂಪಗಳಲ್ಲಿ ಇದೂ ಒಂದು. ಹಳೆಯ ಕಾಗದಪತ್ರಗಳ ನಡುವೆ ಬಾಳುವ ನಮ್ಮಂಥವರಿಗೆ ಇದು ಅಲ್ಪ ವಿಷಯವಲ್ಲ.

ಆ್ಯಪ್ ಮೊದಲ ಸಲ ತೆರೆದಾಗ ಒಂದೊಂದೇ ಸಾಲನ್ನು ಸೇರಿಸುತ್ತ ಕೋಶವನ್ನು ಫೋನಿನಲ್ಲೇ ಕಟ್ಟಬಾರದೇಕೆ ಎಂದು ಕೇಳಬಹುದು. ಕಟ್ಟಬಹುದು, ಸಾವಿರಾರು ಸಾಲುಗಳಿದ್ದಾಗ ಅದು ನಿಧಾನವಾಗುತ್ತದೆ, ಮಧ್ಯದಲ್ಲಿ ಫೋನು ನಿಂತುಹೋದರೆ ಕೋಶ ಅರ್ಧಕ್ಕೇ ಉಳಿಯಬಹುದು. ಇದಕ್ಕಿಂತ ಮುಖ್ಯವಾದ ಕಾರಣವೊಂದಿದೆ. ಕಂಪ್ಯೂಟರಿನಲ್ಲಿ ಒಮ್ಮೆ ಕಟ್ಟಿದ ಕೋಶವನ್ನು ಕಳುಹಿಸುವ ಮೊದಲೇ ಪರೀಕ್ಷಿಸಿ ನೋಡಬಹುದು. ಮುದ್ರಣಕ್ಕೆ ಮೊದಲು ಕರಡು ತಿದ್ದುವ ಅವಕಾಶವಿದ್ದಂತೆ ಇದು.

ಕಟ್ಟುವ ಹಂತದಲ್ಲಿ ಎದುರಾಗುವ ತೊಡಕುಗಳು ಯಂತ್ರದವಲ್ಲ, ಶಾಸ್ತ್ರದವು. ಪ್ರತಿಯೊಂದು ಶಾಸನಕ್ಕೂ ಒಂದು ಗುರುತುಸಂಖ್ಯೆ ಬೇಕು. ಮುದ್ರಿತ ಸಂಪುಟದ ಸಂಖ್ಯೆಯನ್ನೇ ಇಟ್ಟುಕೊಳ್ಳೋಣವೆಂದು ಮೊದಲು ತೋರುತ್ತದೆ. ಆದರೆ ಶ್ರವಣಬೆಳಗೊಳದ ಸಂಪುಟವನ್ನೇ ನೋಡಿ: ರೈಸ್ ಅವರ 1889ರ ಆವೃತ್ತಿಯಲ್ಲಿ 144 ಶಾಸನಗಳಿದ್ದವು; ಆರ್. ನರಸಿಂಹಾಚಾರ್ಯರ 1923ರ ಆವೃತ್ತಿಯಲ್ಲಿ ಅವು 500 ಆದವು; ಮೈಸೂರಿನ ಕನ್ನಡ ಅಧ್ಯಯನ ಸಂಸ್ಥೆಯ 1973ರ ಆವೃತ್ತಿಯಲ್ಲಿ 573. ಆವೃತ್ತಿಯ ಹೆಸರಿಲ್ಲದೆ ಬರಿಯ ಸಂಖ್ಯೆಯನ್ನು ಹೇಳಿದರೆ ಯಾವ ಕಲ್ಲೆಂದು ತಿಳಿಯುವುದು ಹೇಗೆ? ಆದುದರಿಂದ ಎಂದಿಗೂ ಬದಲಾಗದ ಒಳಸಂಖ್ಯೆಯೊಂದನ್ನು ನಾವೇ ಕೊಟ್ಟು, ಮೂರು ಆವೃತ್ತಿಗಳ ಸಂಖ್ಯೆಗಳನ್ನೂ ಬೇರೊಂದು ಕೋಷ್ಟಕದಲ್ಲಿ ಅದಕ್ಕೆ ಜೋಡಿಸಬೇಕು.

ಕಾಲನಿರ್ದೇಶದ ತೊಡಕು ಇನ್ನೂ ದೊಡ್ಡದು. ಶಕವರ್ಷಕ್ಕೆ 78 ಕೂಡಿಸಿ ಕ್ರಿಸ್ತಶಕವನ್ನು ಪಡೆಯುವುದು ವಾಡಿಕೆ. ಪುಷ್ಯ, ಮಾಘ, ಫಾಲ್ಗುಣಗಳಲ್ಲಿ ಹುಟ್ಟಿದ ಶಾಸನಕ್ಕೆ 79 ಕೂಡಿಸಬೇಕಾಗಿ ಬರಬಹುದು. ಆದುದರಿಂದ ಶಾಸನವೇ ಹೇಳುವ ಕಾಲವನ್ನು ಇದ್ದಂತೆಯೇ ಒಂದು ಅಂಕಣದಲ್ಲಿಟ್ಟು, ಲೆಕ್ಕ ಹಾಕಿದ ವರ್ಷವನ್ನು ಇನ್ನೊಂದರಲ್ಲಿಡುವುದು ಲೇಸು. ಕಾಲವನ್ನೇ ಹೇಳದ ಶಾಸನಗಳ ಗತಿಯೇನು? ಹಲ್ಮಿಡಿ ಶಾಸನದಲ್ಲಿ ಶಕವರ್ಷವಿಲ್ಲ. ಸುಮಾರು 450 ಎಂಬುದು ವಿದ್ವಾಂಸರು ಊಹಿಸಿರುವ ಕಾಲ, ಅದರಲ್ಲಿ ಭಿನ್ನಾಭಿಪ್ರಾಯಗಳೂ ಉಂಟು. ಪುಸ್ತಕದಲ್ಲಿ 'ಸು.' ಎಂಬ ಒಂದಕ್ಷರ ಈ ಸಂದೇಹವನ್ನೆಲ್ಲ ಹೊತ್ತು ನಿಲ್ಲುತ್ತದೆ. ಕೋಶದಲ್ಲಿ 450 ಎಂಬ ಅಂಕಿಯನ್ನು ಮಾತ್ರ ತುಂಬಿದರೆ ಆ ಅಕ್ಷರ ಕಾಣೆಯಾಗಿ, ಊಹೆಯು ನಿರ್ಣಯವಾಗಿ ಪರಿಣಮಿಸುತ್ತದೆ. ಈ ಕೋಶವನ್ನು ನಂಬಿ ಓದುವ ವಿದ್ಯಾರ್ಥಿ ಪರೀಕ್ಷೆಯಲ್ಲಿ ಹಾಗೆಯೇ ಬರೆಯುತ್ತಾನೆ. ಮುಂದೆ ಅವನೇ ಅಧ್ಯಾಪಕನಾಗಿ ಹಾಗೆಯೇ ಪಾಠ ಹೇಳುತ್ತಾನೆ. ಕಾಲದ ಪೂರ್ವಮಿತಿ, ಉತ್ತರಮಿತಿ ಮತ್ತು ಆಧಾರ, ಅಂದರೆ ಶಾಸನೋಕ್ತವೋ ಲಿಪಿಯಿಂದ ಊಹಿಸಿದ್ದೋ ಎಂಬುದು, ಈ ಮೂರಕ್ಕೂ ಬೇರೆ ಬೇರೆ ಅಂಕಣಗಳನ್ನು ಮಾಡದ ಶಾಸನಕೋಶವನ್ನು ವಿದ್ಯಾರ್ಥಿಗಳ ಕೈಗೆ ಕೊಡಬಾರದೆಂದೇ ನಮ್ಮ ಅಭಿಪ್ರಾಯ.

ಇನ್ನು ಅಕ್ಷರಗಳ ವಿಚಾರ. ಎಸ್‌ಕ್ಯುಲೈಟ್ ಪದಗಳನ್ನು ಹೋಲಿಸುವುದು ಅವುಗಳ ಯೂನಿಕೋಡ್ ಸಂಕೇತಗಳಿಂದ. 'ಗೊ' ಎಂಬುದರ ಸ್ವರಚಿಹ್ನೆಯನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು, ಎರಡರ ಜೋಡಣೆಯಾಗಿಯೂ ಬರೆಯಬಹುದು. ಕಣ್ಣಿಗೆ ವ್ಯತ್ಯಾಸ ಕಾಣದು. ಆದರೆ ಒಂದು ರೀತಿಯಲ್ಲಿ ಬರೆದ 'ಬೆಳಗೊಳ' ಇನ್ನೊಂದು ರೀತಿಯಲ್ಲಿ ಹುಡುಕಿದವನಿಗೆ ಸಿಕ್ಕುವುದಿಲ್ಲ. ಕೋಶವನ್ನು ಕಟ್ಟುವಾಗಲೂ ಹುಡುಕುವಾಗಲೂ ಎಲ್ಲವನ್ನೂ ಏಕರೂಪಕ್ಕೆ ತರುವುದೇ ಇದಕ್ಕೆ ಪರಿಹಾರ. ಅಕಾರಾದಿಯೂ ಸಂಕೇತಗಳ ಕ್ರಮದಿಂದ ಸರಿಯಾಗಿ ಬರುವುದಿಲ್ಲ: ಯೂನಿಕೋಡಿನಲ್ಲಿ ಳಕಾರವು ವಕಾರಕ್ಕಿಂತ ಮೊದಲು ನಿಂತಿದೆ, ನಮ್ಮ ವರ್ಣಮಾಲೆಯಲ್ಲಿ ಅದು ಹಕಾರದ ನಂತರ ಬರುತ್ತದೆ. ಹಳಗನ್ನಡದ ಱ, ೞ ಗಳ ಸ್ಥಾನವನ್ನೂ ಸಂಪಾದಕರೇ ನಿಶ್ಚಯಿಸಬೇಕು. ವಿಂಗಡಣೆಗೆಂದೇ ಒಂದು ಅಂಕಣವನ್ನು ಮೊದಲೇ ಲೆಕ್ಕ ಹಾಕಿ ಸೇರಿಸಿಟ್ಟರೆ ಫೋನಿನಲ್ಲಿ ಮತ್ತೆ ಚಿಂತೆಯಿಲ್ಲ. ಸಿದ್ಧ ದತ್ತಕೋಶದ ದೊಡ್ಡ ಅನುಕೂಲವೇ ಇದು.

ಕಟ್ಟಿದ ಮೇಲೆ ಕಡತವನ್ನು ಮುಚ್ಚುವ ಕ್ರಮವೂ ಒಂದಿದೆ. 'ವಾಲ್' ಎಂಬ ಕ್ರಮದಲ್ಲಿ ಕೆಲಸ ಮಾಡುವಾಗ ಹೊಸ ತಿದ್ದುಪಡಿಗಳು ಮೊದಲು ಪಕ್ಕದ ಇನ್ನೊಂದು ಕಡತದಲ್ಲಿ ಸೇರುತ್ತಿರುತ್ತವೆ. ಅವು ಮೂಲಕ್ಕೆ ವಿಲೀನವಾಗುವ ಮೊದಲೇ ಮೂಲವನ್ನು ಮಾತ್ರ ನಕಲು ಮಾಡಿ ಕಳುಹಿಸಿದರೆ ಕಡೆಯ ತಿದ್ದುಪಡಿಗಳು ಬಿಟ್ಟುಹೋಗುತ್ತವೆ. ಅವನ್ನು ವಿಲೀನಗೊಳಿಸಿ, ಆ ಕ್ರಮವನ್ನು ಕೈಬಿಟ್ಟು, ಅನಂತರ ಕೋಶವನ್ನು ಒತ್ತಾಗಿ ಕಟ್ಟಿ ಮುಚ್ಚಬೇಕು.

ಈ ಕಡತವನ್ನು ಆ್ಯಪ್‌ನಲ್ಲಿ ಇಡುವ ಬಗೆ ಸುಲಭ. ಐಫೋನಿನಲ್ಲಿ ಓದುವುದಕ್ಕೆ ಮಾತ್ರವಾದರೆ ಇದ್ದಲ್ಲಿಯೇ ತೆರೆಯಬಹುದು. ಆಂಡ್ರಾಯ್ಡಿನಲ್ಲಿ ಅದು ಆ್ಯಪ್‌ನ ಗಂಟಿನೊಳಗೆ ಸೇರಿರುವುದರಿಂದ, ಮೊದಲ ಸಲ ಅದನ್ನು ಫೋನಿನ ಸಂಗ್ರಹಕ್ಕೆ ನಕಲು ಮಾಡಬೇಕು. ಜಾಗವೂ ಇಮ್ಮಡಿ ಹಿಡಿಯುತ್ತದೆ. ಮೊದಮೊದಲ ಆಂಡ್ರಾಯ್ಡ್ ಆವೃತ್ತಿಗಳಲ್ಲಿ, ಅಡಕಗೊಳಿಸಿದ ಕಡತ ಬಿಚ್ಚಿದಾಗ ಒಂದು ಮೆಗಾಬೈಟನ್ನು ಮೀರಿದರೆ ಓದಲು ಆಗುತ್ತಿರಲಿಲ್ಲ. ಹಾಡಿನ ಕಡತಗಳನ್ನು ಅಡಕಗೊಳಿಸುವ ಪದ್ಧತಿಯಿಲ್ಲವಾದುದರಿಂದ, ಕೆಲವರು ಡೇಟಾಬೇಸಿನ ಹೆಸರಿನ ಕೊನೆಗೆ ಎಂಪಿ3 ಎಂದು ಸೇರಿಸಿ ಅದನ್ನು ಹಾಡಿನ ವೇಷದಲ್ಲಿ ಸಾಗಿಸುತ್ತಿದ್ದರು! ಆ ಕಾಲ ಕಳೆದಿದೆ. ಗೂಗಲ್‌ನ 'ರೂಮ್' ಎಂಬ ಸಾಧನದಲ್ಲಿ 2019ರಿಂದ ಒಂದೇ ಆಜ್ಞೆಯಿಂದ ಈ ನಕಲು ನಡೆಯುತ್ತದೆ. ಆದರೆ ಕೋಶದ ರಚನೆ ಆ್ಯಪ್ ನಿರೀಕ್ಷಿಸುವ ರಚನೆಗೆ ಹೊಂದದಿದ್ದರೆ ಅದು ಕೋಶವನ್ನು ತೆರೆಯದೆ ನಿಂತುಬಿಡುತ್ತದೆ.

ನಿಜವಾದ ಅಪಾಯವಿರುವುದು ಪರಿಷ್ಕರಣದಲ್ಲಿ. ಈ ನಕಲು ನಡೆಯುವುದು ಫೋನಿನಲ್ಲಿ ಕೋಶವಿಲ್ಲದಿದ್ದಾಗ ಮಾತ್ರ. ತಿದ್ದಿದ ಪಾಠಗಳಿರುವ ಹೊಸ ಕೋಶವನ್ನು ಆ್ಯಪ್‌ನಲ್ಲಿಟ್ಟು ಆವೃತ್ತಿಸಂಖ್ಯೆಯನ್ನು ಏರಿಸದಿದ್ದರೆ, ಹಳೆಯ ಬಳಕೆದಾರ ಹಳೆಯ ತಪ್ಪು ಪಾಠವನ್ನೇ ಓದುತ್ತಿರುತ್ತಾನೆ. ಸಂಖ್ಯೆಯನ್ನು ಏರಿಸಿ, ಹಳೆಯದನ್ನು ಅಳಿಸಲು ಅಪ್ಪಣೆ ಕೊಟ್ಟರೆ ಹೊಸ ಕೋಶ ಬರುತ್ತದೆ. ಆದರೆ ವಿದ್ಯಾರ್ಥಿಯು ಅದೇ ಕೋಶದಲ್ಲಿ ಬರೆದಿಟ್ಟಿದ್ದ ಟಿಪ್ಪಣಿಗಳೂ ಅದರೊಡನೆ ಹೋಗುತ್ತವೆ. ಬಿಸಿಲಿನಲ್ಲಿ ಕಲ್ಲಿನ ಮುಂದೆ ಕುಳಿತು, ಮುದ್ರಿತ ಪಾಠದೊಡನೆ ಅಕ್ಷರ ಅಕ್ಷರವಾಗಿ ಹೋಲಿಸಿ ಬರೆದ ಟಿಪ್ಪಣಿ ಅದು. ಇನ್ನೊಮ್ಮೆ ಹೋಗುವಷ್ಟರಲ್ಲಿ ಆ ಕಲ್ಲು ಅಲ್ಲಿ ಇಲ್ಲದಿರಬಹುದು. ಆದುದರಿಂದ ಸಂಪಾದಿತ ಪಾಠಕ್ಕೆ ಒಂದು ಕಡತ, ಓದುಗನ ಬರವಣಿಗೆಗೆ ಇನ್ನೊಂದು ಕಡತ ಎಂದು ಮೊದಲಿನಿಂದಲೇ ಬೇರ್ಪಡಿಸಬೇಕು. ಎಸ್‌ಕ್ಯುಲೈಟಿನಲ್ಲಿ ಎರಡನ್ನೂ ಒಟ್ಟಿಗೆ ತೆರೆದು ಓದುವ ಅನುಕೂಲವಿದೆ. ಟಿಪ್ಪಣಿಯು ಮೇಲೆ ಹೇಳಿದ ಒಳಸಂಖ್ಯೆಯನ್ನು ಹಿಡಿದಿರುವುದರಿಂದ ಪಾಠದ ಕಡತವನ್ನು ಎಷ್ಟು ಸಲ ಬದಲಾಯಿಸಿದರೂ ಅದು ತನ್ನ ಶಾಸನವನ್ನು ಕಂಡುಕೊಳ್ಳುತ್ತದೆ.

ಕಡೆಯದಾಗಿ ಒಂದು ಎಚ್ಚರಿಕೆ. ಆ್ಯಪ್‌ನೊಳಗೆ ಇಟ್ಟ ಕೋಶವನ್ನು ಸ್ವಲ್ಪ ಬಲ್ಲ ಯಾರಾದರೂ ಬಿಚ್ಚಿ ಓದಬಹುದು. ತೆರೆಯ ಮೇಲೆ ತೋರಿಸದ ಅಂಕಣವೂ ಅವರಿಗೆ ಕಾಣುತ್ತದೆ. ಕಾವಲಿಲ್ಲದ ವೀರಗಲ್ಲು, ಹಾಳುಗುಡಿಗಳನ್ನು ನಿಧಿಯ ಆಸೆಯಿಂದ ಅಗೆದು ಕೆಡಿಸುವವರು ನಮ್ಮ ನಾಡಿನಲ್ಲಿದ್ದಾರೆ. ಅಂಥ ಸ್ಥಳಗಳ ಅಕ್ಷಾಂಶ ರೇಖಾಂಶಗಳನ್ನು ಸಿದ್ಧ ದತ್ತಕೋಶದಲ್ಲಿ ಸೇರಿಸದೆ, ಗ್ರಾಮದ ಹೆಸರಿಗೇ ನಿಲ್ಲಿಸಿ, ಉಳಿದ ವಿವರವನ್ನು ವಿಭಾಗದ ದಾಖಲೆಯಲ್ಲಿ ಇಟ್ಟುಕೊಳ್ಳುವುದು ಯುಕ್ತ.