ಹಳೇ ಜೀಪಿನ ಮೂಗು ಕಟ್ಟದಿರಲಿ

ಮಳಖೇಡ, ಸೇಡಂ, ಚಿಂಚೋಳಿ ಕಡೆ ಹಳೇ ಮಹೀಂದ್ರ ಜೀಪುಗಳು ಇನ್ನೂ ದುಡಿಯುತ್ತಿವೆ. ಬೀಜ, ಗೊಬ್ಬರ, ತೊಗರಿ ಚೀಲ, ಅಪರಾತ್ರಿ ಆಸ್ಪತ್ರೆಗೆ ಹೊರಟವರು, ಎಲ್ಲಕ್ಕೂ ಅದೇ ಗಾಡಿ. ಇಂಜಿನ್ ಆಯಿಲ್ ನೋಡುತ್ತೇವೆ, ರೇಡಿಯೇಟರಿಗೆ ನೀರು ಹಾಕುತ್ತೇವೆ. ಎರಡು ಗಾಲಿಗಳ ನಡುವೆ ಉಬ್ಬಿಕೊಂಡಿರುವ ಡಿಫರೆನ್ಶಿಯಲ್ ಮಾತ್ರ ಯಾರಿಗೂ ನೆನಪಾಗುವುದಿಲ್ಲ.

ಅದಕ್ಕೂ ಒಂದು ಮೂಗು ಇದೆ. ಆಕ್ಸಲ್ ಕೊಳವೆಯ ಮೇಲೆ ಬೆರಳ ತುದಿಯಷ್ಟು ಚಿಕ್ಕ ಟೊಪ್ಪಿಗೆಯ ಬ್ರೀದರ್. ಗಾಡಿ ಓಡಿದಾಗ ಒಳಗಿನ ಆಯಿಲ್ ಬಿಸಿಯಾಗಿ ಗಾಳಿ ಹಿಗ್ಗುತ್ತದೆ, ಇದರಿಂದ ಹೊರಬರುತ್ತದೆ. ತಣಿದಾಗ ಇದರಿಂದಲೇ ಗಾಳಿ ಒಳಗೆ ಹೋಗುತ್ತದೆ. ನಮ್ಮ ಎರೆಮಣ್ಣಿನ ರಾಡಿ, ಸುಣ್ಣದಕಲ್ಲಿನ ಧೂಳು ಆಯಿಲಿಗೆ ಅಂಟಿ ಗಟ್ಟಿಯಾದರೆ ಮೂಗು ಕಟ್ಟಿತು ಅಂತಲೇ ಲೆಕ್ಕ.

ಆಗ ಒಳಗಿನ ಒತ್ತಡ ಆಯಿಲ್ ಸೀಲನ್ನು ತಳ್ಳುತ್ತದೆ. ಆಯಿಲ್ ಸೋರಿ ಬ್ರೇಕ್ ಡ್ರಮ್ಮಿಗೆ ಇಳಿದರೆ ಬ್ರೇಕ್ ಹಿಡಿಯುವುದಿಲ್ಲ. ಕಾದ ಗಾಡಿಯನ್ನು ಹಳ್ಳದ ನೀರಿಗೆ ಇಳಿಸಿದಿರೋ, ಒಳಗಿನ ಗಾಳಿ ಒಮ್ಮೆಲೇ ಕುಗ್ಗಿ ಸೀಲಿನ ಸಂದಿಯಿಂದ ನೀರು ಎಳೆದುಕೊಳ್ಳುತ್ತದೆ. ಬ್ರೀದರ್ ಸ್ವಚ್ಛವಿದ್ದರೂ ಅದೇ ನೀರೊಳಗೆ ಮುಳುಗಿದರೆ ಅಲ್ಲಿಂದಲೇ ನೀರು ಹೋದೀತು. ನೀರು ಬೆರೆತ ಆಯಿಲಿನಲ್ಲಿ ಬೇರಿಂಗ್ ತುಕ್ಕು ಹಿಡಿದು, ಕ್ರೌನ್-ಪಿನಿಯನ್ ಹಲ್ಲು ಸವೆಯುತ್ತದೆ. ಆ ಖರ್ಚಿನ ಮುಂದೆ ಬ್ರೀದರಿನ ಬೆಲೆ ಏನೇನೂ ಅಲ್ಲ.

ಮಾಡುವುದು ಇಷ್ಟೇ. ಮಳೆಗಾಲಕ್ಕೆ ಮೊದಲು ಬ್ರೀದರ್ ಸುತ್ತಲಿನ ಮಣ್ಣು ಒರೆಸಿ, ಬಿಚ್ಚಿ, ಡೀಸೆಲ್‌ನಲ್ಲಿ ತೊಳೆದು ಊದಿ ನೋಡಿ. ಗಾಳಿ ಸಲೀಸಾಗಿ ಹೋಗದಿದ್ದರೆ ಹೊಸದು ಹಾಕಿ. ನಾಲ್ಕೂ ಗಾಲಿ ಎಳೆಯುವ ಜೀಪಾದರೆ ಮುಂದಿನ ಆಕ್ಸಲಿನದನ್ನೂ ಮರೆಯಬೇಡಿ.

ಹಳ್ಳ ದಾಟುವುದು ನಿತ್ಯದ ಮಾತಾದರೆ ಬ್ರೀದರ್ ಜಾಗಕ್ಕೆ ನಿಪ್ಪಲ್ ಕೂಡಿಸಿ, ಆಯಿಲಿಗೆ ಕೆಡದ ಡೀಸೆಲ್ ಪೈಪನ್ನು ಬಾಡಿಯ ಎತ್ತರಕ್ಕೆ ಒಯ್ಯಿರಿ. ತುದಿ ಕೆಳಮುಖವಾಗಿರಲಿ, ಧೂಳು ಹೋಗದಂತೆ ಚಿಕ್ಕ ಫಿಲ್ಟರ್ ಇರಲಿ. ಪಟ್ಟಾ ಕುಣಿದಾಗ ಎಳೆಯದಷ್ಟು ಪೈಪು ಸಡಿಲ ಬಿಡಿ. ಸೈಲೆನ್ಸರಿಗೆ ತಾಗದಿರಲಿ.

ಆಯಿಲ್ ನೋಡಲು ಗಾಡಿ ಸಮತಟ್ಟು ಜಾಗದಲ್ಲಿರಬೇಕು. ತುಂಬುವ ಪ್ಲಗ್ ಬಿಚ್ಚಿ ಬೆರಳು ಹಾಕಿ. ಆಯಿಲ್ ತೂತಿನ ಕೆಳ ಅಂಚಿಗೆ ಇರಬೇಕು. ಹಾಲು ಹಾಕಿದ ಚಹಾದ ಬಣ್ಣ ಕಂಡರೆ ನೀರು ಸೇರಿದೆ, ಅವತ್ತೇ ಬದಲಿಸಿ. ಬೂದು ಬಣ್ಣದ ನುಣುಪು ಪುಡಿ ಸವೆತದ್ದು, ಸಹಜ. ಕಬ್ಬಿಣದ ಚೂರು ಸಿಕ್ಕರೆ ಮಿಸ್ತ್ರಿಗೆ ತೋರಿಸಿ.

ಬದಲಿಸುವಾಗ ಮೊದಲು ತುಂಬುವ ಪ್ಲಗ್ ಬಿಚ್ಚಿ ನೋಡಿ. ಅದು ಬಿಗಿದು ಕೂತಿದ್ದರೆ, ಹಳೇ ಆಯಿಲ್ ಇಳಿಸಿದ ಮೇಲೆ ತುಂಬುವುದು ಹೇಗೆ? ಸಾಮಾನ್ಯವಾಗಿ ಈ ಜೀಪುಗಳಿಗೆ 80ಡಬ್ಲ್ಯೂ-90 ಅಥವಾ 90 ನಂಬರಿನ, ಜಿಎಲ್-5 ದರ್ಜೆಯ ಗೇರ್ ಆಯಿಲ್. ಆದರೂ ಕಂಪನಿ ಪುಸ್ತಕ ನೋಡಿಕೊಳ್ಳಿ. ಗೇರ್‌ಬಾಕ್ಸಿಗೆ, ಟ್ರ್ಯಾಕ್ಟರಿಗೆ ಬೇರೆ ಬೇಕಾಗಬಹುದು, ಒಂದೇ ಡಬ್ಬಿಯಿಂದ ಎಲ್ಲಕ್ಕೂ ಸುರಿಯಬೇಡಿ. ಹಳೇ ಆಯಿಲನ್ನು ಹೊಲಕ್ಕೆ, ಬಾವಿ ಬದಿಗೆ ಚೆಲ್ಲದೆ ಡಬ್ಬಿಯಲ್ಲಿ ಹಿಡಿದು ಹಳೇ ಆಯಿಲ್ ಕೊಳ್ಳುವವರಿಗೆ ಕೊಡಿ.

“ಮಳಿ ನಿಂತ ಮ್ಯಾಲ ನೋಡೂಣ ಬಿಡ್ರಿ” ಅನ್ನುವವರಿದ್ದಾರೆ. ನೀರು ಅಲ್ಲಿಯವರೆಗೆ ಕಾಯುವುದಿಲ್ಲ. ಕಾದ ಗಾಡಿಯನ್ನು ದಂಡೆಯ ಮೇಲೆ ಸ್ವಲ್ಪ ಹೊತ್ತು ತಣಿಸಿ ನೀರಿಗಿಳಿಸಿ. ದಾಟಿ ಮನೆಗೆ ಬಂದ ಮರುದಿನ ಪ್ಲಗ್ ಬಿಚ್ಚಿ ಬೆರಳು ಹಾಕಿ ನೋಡಿ. ಕಾಗಿಣಾ ತುಂಬಿ ಹರಿಯುವಾಗ ಮಾತ್ರ ಯಾವ ಜೀಪನ್ನೂ ಇಳಿಸುವುದು ಬೇಡ.